ಹಳೆ ಗಿಟಾರಿನ ಮೂರು ಗೀರು

ಕಿಟಕಿ ಸರಳಿನ ಬಣ್ಣ ನಡುವೆ ಮಾತ್ರ ಹೋಗಿದೆ, ಮೇಲೆ ಕೆಳಗೆ ಹಸಿರು ಹಾಗೇ ಇದೆ, ಕೈ ಹಿಡಿಯುವ ಗೇಣುದ್ದದಲ್ಲಿ ಕಬ್ಬಿಣ ಮಿರುಗುತ್ತಿದೆ — ಎಷ್ಟು ಚೆನ್ನಾಗಿ ಸವೆದಿದೆ, ಮೊದಲು ಹಸಿರು ತೆಳ್ಳಗಾಗಿದೆ, ಆಮೇಲೆ ಅದರಡಿಯ ಕೆಂಪು, ಆಮೇಲೆ ಕಬ್ಬಿಣ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳಲಾಗದು, ನಾನು ಇದನ್ನು ಮಾಡಬೇಕಾದರೆ ಮೂರು ಬಗೆಯ ಉಪ್ಪುಕಾಗದ ಹಿಡಿದು ಇಡೀ ಮಧ್ಯಾಹ್ನ ಉಜ್ಜಬೇಕು, ಆದರೂ ಇಷ್ಟು ಚೆನ್ನಾಗಿ ಬರುವುದಿಲ್ಲ — ಥೂ, ಬೆಳಗ್ಗೆ ಬೆಳಗ್ಗೆ ರೈಲಿನ ಸರಳನ್ನು ಹೊಗಳುತ್ತ ಕೂತಿದ್ದೇನೆ, ಕರೀಮುನ್ನೀಸಾ, ನಿನ್ನ ಕಣ್ಣು ಕೆಟ್ಟುಹೋಗಿದೆ, ಐದು ವಾರದಿಂದ ಕಂಡದ್ದರಲ್ಲೆಲ್ಲ ಸವೆತವೇ ಕಾಣುತ್ತದೆ, ಚನ್ನಪಟ್ಟಣ ಸ್ಟೇಷನ್ನಿನ ಕಲ್ಲುಬೆಂಚಿನ ಅಂಚು, ಟಿಕೆಟ್ ಕಿಂಡಿಯ ಹಲಗೆ, ಎದುರು ಕೂತ ಗಾರ್ಮೆಂಟ್ಸ್ ಹುಡುಗಿಯ ಚಪ್ಪಲಿಯಲ್ಲಿ ಹೆಬ್ಬೆರಳು ಮಾಡಿದ ಗುಳಿ. ರೈಲು ಹೊರಟು ಐದು ನಿಮಿಷವಾಯಿತು, ಹತ್ತು ಗಂಟೆಗೆ ಅವನು ಕಾರ್ಖಾನೆಗೆ ಬರುತ್ತಾನೆ, ಹೊರದೇಶದ ಗಿರಾಕಿ, ತನ್ನ ಹಳೆಯ ಗಿಟಾರನ್ನು ವಾಪಸು ಒಯ್ಯಲು ಬರುತ್ತಾನೆ, ಬೀರು ತೆಗೆಸುತ್ತಾನೆ, ಎತ್ತಿ ಬೆಳಕಿಗೆ ಹಿಡಿಯುತ್ತಾನೆ, ತಂತಿಯ ಕೆಳಗೆ ಮೂರು ಗೀರು ಇರಬೇಕು, ಇರುವುದಿಲ್ಲ, ನಾನು ಮುಚ್ಚಿದ್ದೇನೆ, ಶನಿವಾರ ಮಧ್ಯಾಹ್ನ ಈ ಎರಡು ಕೈಯಿಂದಲೇ ಮುಚ್ಚಿದ್ದೇನೆ, ಇನ್ನೂ ಯಾರಿಗೂ ಹೇಳಿಲ್ಲ.

ಕೈ ಮುಚ್ಚಿತು, ನಾನಲ್ಲ — ನಿನ್ನೆ ಇಡೀ ಭಾನುವಾರ ಇದನ್ನೇ ಹೇಳಿಕೊಂಡೆ, ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಕ್ಯಾ ಹುವಾ, ಒಂದೇ ತಟ್ಟೆ ಎಷ್ಟು ಸಲ ತೊಳೀತೀಯ ಎಂದರು ಖಾಸಿಂ, ನನ್ನ ಗಂಡನಿಗೆ ಬಾಯಿ ಕಡಿಮೆ, ಕಣ್ಣು ಜಾಸ್ತಿ, ಏನಿಲ್ಲ ಎಂದೆ, ಅವರು ಮತ್ತೆ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆನೇನೋ, ಇಲ್ಲ, ಹೇಳುತ್ತಿರಲಿಲ್ಲ. ಕೈಗೆ ಆ ಚಾಳಿ ಹಚ್ಚಿದವರು ನನ್ನಪ್ಪ, ಅಬ್ಬಾ, ಮನೆಯ ಮುಂದಿನ ಕೋಣೆಯಲ್ಲಿ ಲೇತು, ತಿರುಗುವ ಹಾಲೆ ಮರದ ಗುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತಿತ್ತು, ಮೇಲೆ ತಾಳೆಗರಿ ಒತ್ತಿದರೆ ಹೊಳಪು, ಆಮೇಲೆ ಲೇತು ನಿಲ್ಲಿಸಿ ಅಬ್ಬಾ ಆ ಬೊಂಬೆಯನ್ನು ಕೆಳತುಟಿಯ ಮೇಲೆ ನಿಧಾನ ಉರುಳಿಸುತ್ತಿದ್ದರು, ಕಣ್ಣಿಗೆ ಸಿಕ್ಕದ ಗೀರು ತುಟಿಗೆ ಸಿಗುತ್ತೆ ಮಗಳೇ, ಇದು ಮಗು ಬಾಯಿಗೆ ಹಾಕಿಕೊಳ್ಳೋ ಸಾಮಾನು, ಗೀರಿದ್ದರೆ ತಿರುಗಿ ಲೇತಿಗೆ, ದಿನಕ್ಕೆ ಇನ್ನೂರು ಬೊಂಬೆ ಅವರ ತುಟಿಯ ಮೇಲೆ ಉರುಳುತ್ತಿದ್ದವು, ಸಂಜೆ ಹೊತ್ತಿಗೆ ಅಬ್ಬಾನ ತುಟಿ ಕೆಂಪಾಗಿ ಹಳದಿಯಾಗಿ ಹಸಿರಾಗಿ, ಅಮ್ಮೀ ನಗುತ್ತಿದ್ದಳು, ನಿಮಗಿಂತ ನಾನೇ ಕಡಿಮೆ ಬಣ್ಣ ಹಚ್ಚಿಕೊಳ್ಳೋದು ಅಂತ. ಆಮೇಲೆ ಪ್ಲಾಸ್ಟಿಕ್ ಬೊಂಬೆ ಬಂದವು, ಅಬ್ಬಾನ ನಂತರ ಲೇತು ನಡೆಸುತ್ತಿದ್ದ ಖಾಸಿಂ ಅದರ ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕಿ ಬಾಗಿಲು ಕಿಟಕಿ ಅಂಗಡಿಗೆ ಪಾಲಿಶ್ ಕೆಲಸಕ್ಕೆ ಹೋದರು, ನಾನು ಬಿಡದಿಯ ಹತ್ತಿರದ ಗಿಟಾರ್ ಕಾರ್ಖಾನೆಗೆ ಬಂದೆ, ಕರೆಂಟಿಗೆ ಸಿಕ್ಕಿಸಿ ಬಾರಿಸುವ ಗಿಟಾರು, ಕೊಕ್ಕೆಯಿಂದ ಕೊಕ್ಕೆಗೆ ತೂಗುಹಾಕುವಾಗ ಒಂದಕ್ಕೊಂದು ತಗುಲಿ ಗೀರು ಬೀಳುತ್ತಿತ್ತು, ಗೀರು ತುಂಬಲು ಪೇಟೆಯಿಂದ ತಂದ ಮಸಾಲೆ ಯಾವುದೂ ಬಣ್ಣಕ್ಕೆ ಹೊಂದುತ್ತಿರಲಿಲ್ಲ, ನಾನು ಮನೆಯಿಂದ ಅರಗಿನ ಕಡ್ಡಿ ಒಯ್ದೆ, ಸ್ಪಿರಿಟ್ ದೀಪಕ್ಕೆ ಚೂರಿಯ ತುದಿ ಕಾಯಿಸಿ ಅರಗು ಮುಟ್ಟಿಸಿ ಒಂದು ತೊಟ್ಟು ಗೀರಿನೊಳಗೆ ಬಿಟ್ಟೆ, ಸಮ ಮಾಡಿದೆ, ತಾಳೆಗರಿಯಲ್ಲಿ ಉಜ್ಜಿದೆ, ಸೂಪರ್‌ವೈಸರ್ ನಾಗರಾಜು ಉಗುರಿನಿಂದ ತಡವಿ ತಡವಿ ನೋಡಿದ, ಅಮ್ಮಾ, ಗೀರು ಎಲ್ಲಿತ್ತು ಅಂತ ನಂಗೇ ಗೊತ್ತಾಗ್ತಿಲ್ವಲ್ಲ — ಮಾಗಡಿಯಿಂದ ಎರಡು ಬಸ್ಸು ಬದಲಿಸಿ ಬರುವ ಸಣಕಲು ಹುಡುಗ, ಡಿಪ್ಲೊಮಾ ಮಾಡಿದವನು, ಆವತ್ತು ನನಗೆ ಕುರ್ಚಿ ಹಾಕಿಸಿದ, ನಾಲ್ಕು ವರ್ಷದಿಂದ ಆ ಕುರ್ಚಿ ನನ್ನದು.

ಹಾಗಿದ್ದವಳ ಕೈಗೆ ಗೀರು ಹಾಕೆಂದು ದಬ್ಬಳ ಕೊಟ್ಟರೆ. ಐದು ವಾರದ ಹಿಂದೆ ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಆ ಹಳೆಯ ಕೆಂಪು ಗಿಟಾರು ಬಂತು, ಜೊತೆಗೊಂದು ಪಟ್ಟಿ, ಮೇಲಂಚಿನಲ್ಲಿ ತೋಳು ಊರುವ ಜಾಗದಲ್ಲಿ ಗೇಣುದ್ದ ಬಣ್ಣ ಹೋಗಿರಬೇಕು, ಬೆನ್ನಿಗೆ ಬೆಲ್ಟಿನ ಬಕಲು ತಿಕ್ಕಿದ ಕಲೆ, ತಂತಿಯ ಕೆಳಗೆ ಉಗುರು ತಗುಲಿದ ಮೂರು ಗೀರು, ಹೊಸ ನಲವತ್ತು ಗಿಟಾರಿನ ಮೇಲೆ ಇವೆಲ್ಲ ಹಾಗ್ಹಾಗೇ ಬರಬೇಕು, ಇವರಿಗೆ ಹುಚ್ಚಾ ಸಾರ್ ಎಂದೆ, ಹಳೇದಕ್ಕೇ ಬೆಲೆ ಅಮ್ಮಾ, ಹಳೇದು ಸಿಗಲ್ಲ, ಅದಕ್ಕೆ ಹೊಸದನ್ನೇ ಹಳೇದು ಮಾಡಿಸ್ತಾರೆ ಎಂದ ನಾಗರಾಜು, ನಮ್ಮೂರಿಗೆ ಕಳಿಸ್ಕೊಡಿ ಸಾ, ದನದ ಕೊಟ್ಟಿಗೇಲಿ ಒಂದ್ವಾರ ಮಡಗಿದ್ರೆ ಆಯ್ತದೆ ಎಂದಳು ಸಿದ್ದಮ್ಮ ಸೆರಗು ಬಾಯಿಗಿಟ್ಟು. ಕೈಲಾಂಚದ ಸಿದ್ದಮ್ಮ, ನನ್ನ ಮೇಜಿನಲ್ಲೇ ಕೂತು ನಾನು ಮುಗಿಸಿದ್ದನ್ನು ಒರೆಸಿ ಚೀಲಕ್ಕೆ ಹಾಕುವವಳು, ಹಳೆಯ ಗಿಟಾರಿನ ಬೀರುವಿನ ಬೀಗದ ಕೈ ಅವಳಿಗೇ ಕೊಟ್ಟರು, ಬೆಳಗ್ಗೆ ತೆಗೆಯುವುದು ಸಂಜೆ ಹಾಕುವುದು, ನಮ್ಮನೇಲಿ ಪೆಟ್ಟಿಗೆ ಬೀಗದ ಕೈ ಇವತ್ತಿಗೂ ಅತ್ತೆ ಸೊಂಟದಾಗೇ ಐತೆ ಕಣಕ್ಕ, ಸೊಸೆ ಆಗಿ ಇಪ್ಪತ್ತೆರಡು ವರ್ಸಾಯ್ತು, ಬೀಗದ ಕೈ ಅಂತ ನನ್ನ ಕೈಗೆ ಬಂದದ್ದು ಇದೇ ಮೊದಲು, ಆವತ್ತೇ ಸೊಂಟಕ್ಕೆ ಕಪ್ಪು ದಾರದಲ್ಲಿ ಕಟ್ಟಿಕೊಂಡಳು, ನಡೆದರೆ ಸದ್ದಾಗಲೆಂದು ಅದರ ಜೊತೆಗೊಂದು ಪಿನ್ನು ಬೇರೆ. ನಾನು ಗೀರಲು ಶುರುಮಾಡಿದೆ, ಮೊದಲನೆಯದು ನೋಡಿ ನಾಗರಾಜು ತಲೆಯಾಡಿಸಿದ, ಇದು ಬೇಕಂತ ಗೀಚಿದ ಹಾಗಿದೆ ಅಮ್ಮಾ, ಬಾರಿಸ್ತಾ ಬಾರಿಸ್ತಾ ಬಿದ್ದ ಹಾಗಿಲ್ಲ, ಹತ್ತು ಹಲಗೆ ಕೆಡಿಸಿ ಕಲಿತೆ, ಕಣ್ಣು ಮುಚ್ಚಿ ಮಣಿಕಟ್ಟು ಸಡಿಲ ಬಿಟ್ಟು ಬೇರೆ ಏನನ್ನೋ ಯೋಚಿಸುತ್ತ ಕೈ ಬೀಸಿದರೆ ಬರುತ್ತದೆ, ಬಂತು, ನಲವತ್ತಕ್ಕೆ ಮೂರರಂತೆ ನೂರಿಪ್ಪತ್ತು ಗೀರು, ಪ್ರತಿ ಸಂಜೆ ರೈಲಿನಲ್ಲಿ ಕೂತಾಗ ಕೆಳತುಟಿ ಉರಿಯುತ್ತಿತ್ತು, ನಾನೇನೂ ತುಟಿಗೆ ಮುಟ್ಟಿಸಿರಲಿಲ್ಲ, ಆದರೂ ಉರಿಯುತ್ತಿತ್ತು, ಮನೆಗೆ ಹೋಗಿ ಖಾಸಿಂ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಶನಿವಾರ ನಲವತ್ತನೆಯದು ಮುಗಿಯಿತು, ಊಟದ ನಂತರ ಕರೆಂಟು ಹೋಯಿತು, ಎಲ್ಲರೂ ನೆರಳಿಗೆಂದು ಹೊರಗೆ ಹೋದರು, ಹಳೆಯದು ನನ್ನೆದುರು ಮಲಗಿತ್ತು, ಆ ಮೂರು ಗೀರು, ಒಂದು ಉದ್ದ, ಎರಡು ಅದರ ಪಕ್ಕ ಒತ್ತಾಗಿ, ಒಳಗೆ ಎಷ್ಟು ವರ್ಷದ ಕೊಳೆಯೋ, ದೀಪ ಹಚ್ಚಿದ್ದು ನೆನಪಿದೆ, ಬೆಂಕಿಕಡ್ಡಿ ಗೀರಿದ್ದು ನೆನಪಿದೆ, ಕೆಂಪು ಅರಗಿಗೆ ಒಂಚೂರು ಕಪ್ಪು ಬೆರೆಸಿದ್ದೂ ನೆನಪಿದೆ, ಹಾಗಾದರೆ ಕೈ ಮಾಡಿತು ಎನ್ನುವುದು ಸುಳ್ಳು, ಬಣ್ಣ ಹೊಂದಿಸುವುದು ಕೈಯಲ್ಲ, ತಲೆ. ಒಂದು ತೊಟ್ಟು, ಇನ್ನೊಂದು, ಸಮ, ತಾಳೆಗರಿ, ಆ ಕಾಲು ಗಂಟೆ ಎಷ್ಟು ಸುಖವಾಗಿತ್ತು, ಐದು ವಾರದ ಮೇಲೆ ಮೊದಲ ಸಲ ನನ್ನ ಕೈ ನನ್ನದು ಅನ್ನಿಸಿತು, ಬೊಂಬೆಗೆ ತಲೆ ಬಾಗಿಸುವಂತೆ ಬಾಗಿ ತುಟಿ ಮುಟ್ಟಿಸಿದೆ, ನುಣುಪು, ಎಲ್ಲೂ ತಡೆಯಲಿಲ್ಲ, ಅಬ್ಬಾ ಇದ್ದಿದ್ದರೆ ಸರಿ ಎನ್ನುತ್ತಿದ್ದರು — ಆಗ ಕರೆಂಟು ಬಂತು, ಟ್ಯೂಬ್‌ಲೈಟಿನ ಬೆಳಕು ಆ ಕೆಂಪಿನ ಮೇಲೆ ಈ ತುದಿಯಿಂದ ಆ ತುದಿಗೆ ಹರಿದುಹೋಯಿತು, ಆಗ ಗೊತ್ತಾಯಿತು ನಾನು ಯಾವುದನ್ನು ಸರಿಮಾಡಿದೆ ಅಂತ. ಚೀಲ ಹೊದಿಸಿದೆ, ಬೀರುವಿನಲ್ಲಿಟ್ಟೆ, ಸಿದ್ದಮ್ಮ ಬರುವಷ್ಟರಲ್ಲಿ ದೀಪ ಆರಿಸಿದ್ದೆ, ತಲೆನೋವು, ನಾಲ್ಕು ಗಂಟೆ ರೈಲಿಗೇ ಹೋಗ್ತೀನಿ ಎಂದೆ, ಹೋಗಕ್ಕ, ನಾನು ಬೀಗ ಹಾಕ್ಕೊಂಡು ಬತ್ತೀನಿ ಎಂದಳು, ನಾನು ಓಡಿದ ಹಾಗೆ ಬಂದೆ.

ರೇಷ್ಮೆ ಗೂಡು ಬೇಯುವ ನಾತ, ರಾಮನಗರ ಬಂತು, ಮೊನ್ನೆ ಮೊನ್ನೆ ಜಿಲ್ಲೆಯಾದ ಊರು, ಪ್ಲಾಟ್‌ಫಾರಂ ಮಾತ್ರ ಅದೇ ಗಿಡ್ಡ, ಜನ ನುಗ್ಗುತ್ತಾರೆ, ಸಿದ್ದಮ್ಮನ ನೀಲಿ ಸೀರೆ, ಇವತ್ತು ಬಸ್ಸು ತಪ್ಪಿ ಅವಳಿಗೆ ಈ ರೈಲು ಸಿಗದಿರಲಿ ಎಂದುಕೊಂಡಿದ್ದೆ, ಸಿಕ್ಕಿದೆ, ಒಸಿ ಸರ್ಕೊಳವ್ವ ಎಂದು ಗಾರ್ಮೆಂಟ್ಸ್ ಹುಡುಗಿಯನ್ನು ತಳ್ಳಿ ನನ್ನ ಪಕ್ಕವೇ ಕೂತಳು, ಮೈಯಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಕಣ್ಣು ಊದಿದೆ, ಸೊಂಟದಲ್ಲಿ ಬೀಗದ ಕೈ ಇದೆ, ಸದ್ದು ಮಾಡುವ ಪಿನ್ನು ಇಲ್ಲ. ಈಗ ಹೇಳಬೇಕು, ಅವಳು ಬಾಯಿ ತೆಗೆಯುವ ಮೊದಲೇ, ಸಿದ್ದಮ್ಮ ನೋಡು ಅಂತ ಶುರುಮಾಡಿದರೆ ಮುಗಿಯಿತು, ಅಕ್ಕ, ಅವಳೇ ಶುರುಮಾಡಿದಳು, ನಾನೊಂದು ತಪ್ಪು ಮಾಡ್ಬುಟ್ಟೆ ಕಣಕ್ಕ, ಶನಿವಾರ ನೀನು ಹೋದ್ಯಲ್ಲ, ಆ ಹಳೇದ್ರ ಮ್ಯಾಲೆ ಧೂಳು ಕುಂತಿತ್ತು, ನೀರು ಸೋಕಿಸ್ಬೇಡಿ ಅಂತ ಸಾಹೇಬ್ರು ಹೇಳಿದ್ರು, ನಾನು ಕೇಳ್ನಿಲ್ಲ, ಒಸಿ ಒದ್ದೆ ಬಟ್ಟೆ ಆಡಿಸ್ದೆ, ಆಮ್ಯಾಕೆ ನೋಡ್ತೀನಿ, ಗೀರೇ ಇಲ್ಲ, ಮೂರೂ ಇಲ್ಲ ಅಕ್ಕ, ಒರೆಸೋಗ್ಬುಟ್ಟವೆ, ಎದೆ ಝಲ್ ಅಂತು, ಸಾಹೇಬ್ರ ತಾವ ಹೋಗಿ ಹೇಳ್ಬುಟ್ಟೆ, ನಾನೇ ಮಾಡಿದ್ದು ಅಂತ, ಅವರು ಕಾಗದ ಬರೆದ್ರು, ಸೈನು ಹಾಕು ಅಂದ್ರು, ಹಾಕ್ದೆ.

ಒದ್ದೆ ಬಟ್ಟೆಗೆ ಗೀರು ಹೋಗುತ್ತದೆಯೇ — ಎಂಥ ಮಾತು, ಹಾಗೆ ಹೋಗುವುದಾದರೆ ನಾನೇಕೆ ನಾಲ್ಕು ವರ್ಷ ಬಿಸಿ ಚೂರಿಯಲ್ಲಿ ಬೆರಳು ಸುಟ್ಟುಕೊಂಡೆ, ನಗು ಬರುವಂತಾಯಿತು, ನಾಗರಾಜು ಹೇಗೆ ನಂಬಿದ, ನಲವತ್ತು ಹೊಸದರ ಗೀರಿಗೆ ಕಾಫಿ ಡಿಕಾಕ್ಷನ್ ಬಳಿದು ಹಳೆಯ ಕೊಳೆ ಮಾಡಿದ್ದೆವಲ್ಲ, ಕೊಳೆ ಹೋದರೆ ಗೀರೂ ಹೋಯಿತು ಎಂದುಕೊಂಡಿರಬೇಕು, ಪೆದ್ದ, ಇಬ್ಬರೂ ಪೆದ್ದರು, ಇಡೀ ಕಾರ್ಖಾನೆಯಲ್ಲಿ ಇದು ಸುಳ್ಳೆಂದು ತಿಳಿದವಳು ನಾನೊಬ್ಬಳು. ಕೇತೋಹಳ್ಳಿಯಲ್ಲಿ ರೈಲು ನಿಂತಿದೆ, ಎದುರು ಎಕ್ಸ್‌ಪ್ರೆಸ್ ಬರಬೇಕಂತೆ, ಒಂಟಿ ಹಳಿ, ಹೊರಗೆ ಕರಿಬಂಡೆ, ಬಿಸಿಲು, ಒಬ್ಬ ಎಮ್ಮೆ ತೊಳೆಯುತ್ತಿದ್ದಾನೆ, ಯಾರಿಗೂ ಅವಸರವಿಲ್ಲ. ಹೇಳು, ಈಗ ಹೇಳು, ನಾಲ್ಕು ಮಾತು, ನೀನಲ್ಲ ಸಿದ್ದಮ್ಮ, ನಾನು — ನಾಲಿಗೆ ಏಳುವುದಿಲ್ಲ, ಏಕೆಂದರೆ ಏನೂ ಹೇಳದಿದ್ದರೆ ಏನೂ ಆಗುವುದಿಲ್ಲ, ಅವಳು ಒಪ್ಪಿಕೊಂಡಾಗಿದೆ, ಸಹಿ ಹಾಕಿಯಾಗಿದೆ, ನನ್ನ ಕುರ್ಚಿ ನನಗೆ, ಚನ್ನಪಟ್ಟಣದ ಕೈ ಎಂಬ ಹೆಸರು ನನಗೆ, ಎಷ್ಟು ಸುಲಭ, ಸಿದ್ದಮ್ಮನಿಗೆ ಹೊಲವಿದೆ, ಎರಡು ಹಸುವಿದೆ, ಗಂಡ ಬೋರಲಿಂಗಯ್ಯ ಒಳ್ಳೆಯವನು, ಅವಳಿಗೆ ಈ ಕೆಲಸ ಹೋದರೇನು ಬಂದರೇನು — ಹೀಗೂ ಯೋಚಿಸಿದೆ, ಯೋಚಿಸಿಲ್ಲ ಎಂದು ಈಗ ಯಾರಿಗೆ ಹೇಳಲಿ, ಪಕ್ಕದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತವಳ ಹಸು ಲೆಕ್ಕ ಹಾಕಿದೆ. ಏನಕ್ಕ, ಮಾತೇ ಆಡ್ತಿಲ್ಲ, ಬೇಜಾರಾಯ್ತಾ, ನಿಂಗೂ ಕೆಟ್ಟ ಹೆಸರು ತಂದ್ನೇನೋ, ಅದಕ್ಕೆ ಸಾಹೇಬ್ರಿಗೆ ಹೇಳ್ದೆ, ಅಕ್ಕನ್ನ ಏನೂ ಅನ್ಬೇಡಿ, ಅವರು ಆಗ್ಲೇ ಹೊಂಟೋಗಿದ್ರು ಅಂತ. ತಲೆನೋವು ಹೋಯ್ತಾ ಅಂತಲೂ ಕೇಳಿದಳು. ಹ್ಞೂಂ ಎಂದೆ, ಎಕ್ಸ್‌ಪ್ರೆಸ್ ಬಡಿದುಕೊಂಡು ಹೋಯಿತು, ನಮ್ಮ ರೈಲು ಒಮ್ಮೆ ನಡುಗಿ ಹೊರಟಿತು, ಬಿಡದಿಯವರೆಗೆ ನಾನು ಸರಳು ಹಿಡಿದುಕೊಂಡೇ ಕೂತೆ.

ಗೇಟು, ಸಹಿ ಪುಸ್ತಕ, ಥಿನ್ನರ್ ನಾತ, ನಾಗರಾಜು ಬಾಗಿಲಲ್ಲೇ ನಿಂತಿದ್ದ, ಗಡ್ಡ ಬೋಳಿಸಿಲ್ಲ, ಪಾಪ, ಅವನೂ ಭಾನುವಾರ ನಿದ್ದೆ ಮಾಡಿಲ್ಲ, ಸಿದ್ದಮ್ಮ, ಬೀಗದ ಕೈ ಕೊಟ್ಬಿಡಿ, ನೀವು ಒಳಗೆ ಬರೋದು ಬೇಡ, ಮೇಲಿನೋರು ಹೇಳಿದ್ದಾರೆ. ಅವಳು ಸೊಂಟಕ್ಕೆ ಕೈ ಹಾಕಿದಳು, ಕಪ್ಪು ದಾರದ ಗಂಟು ಬಿಗಿದಿತ್ತು, ಐದು ವಾರ ಬಿಚ್ಚಿಲ್ಲ, ಸ್ನಾನ ಮಾಡುವಾಗಲೂ ಬಿಚ್ಚಿಲ್ಲವೆಂದು ನನಗೆ ಗೊತ್ತು, ಉಗುರಿನಿಂದ ಕೀಳುತ್ತಾಳೆ, ಬರುವುದಿಲ್ಲ, ಬಗ್ಗಿ ನೋಡುತ್ತಾಳೆ, ಬರುವುದಿಲ್ಲ, ತಡೀರಿ ಸಾ, ಒಂದ್ನಿಮಿಷ, ಬತ್ತದೆ — ಒದ್ದೆ ಬಟ್ಟೆಗೆ ಗೀರು ಹೋಗಲ್ಲ ಸಾರ್, ಯಾರ ದನಿ ಇದು, ನನ್ನದೇ, ನಾನು ಮುಚ್ಚಿದ್ದು, ಅರಗು ಬಿಟ್ಟು ಮುಚ್ಚಿದ್ದು, ಶನಿವಾರ ಊಟ ಆದ್ಮೇಲೆ, ಕರೆಂಟ್ ಹೋಗಿತ್ತಲ್ಲ ಆಗ, ಅವಳು ಒರೆಸಿದ್ದರಿಂದ ಏನೂ ಆಗಿಲ್ಲ. ಸಿದ್ದಮ್ಮ ಗಂಟಿನಿಂದ ಕೈ ತೆಗೆಯದೆ ತಲೆ ಎತ್ತಿದಳು, ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿರುತ್ತಿತ್ತು, ರೈಲ್ನಾಗೆ ಯಾಕಕ್ಕ ಹೇಳ್ನಿಲ್ಲ ಎಂದಳು ಅಷ್ಟೇ, ಮೆಲ್ಲಗೆ, ಮಗುವಿಗೆ ಕೇಳಿದ ಹಾಗೆ.

ನಾಗರಾಜು ಮುಖಕ್ಕೆ ಮಾತ್ರ ಜೀವ ಬಂತು, ನೀವೇ ಮುಚ್ಚಿದ್ದಾ, ಹಾಗಾದ್ರೆ ನೀವೇ ಮತ್ತೆ ಹಾಕ್ಬಹುದು, ಅಲ್ವಾ, ನಲವತ್ತರಲ್ಲಿ ಹಾಕಿದ್ದೀರಿ, ಇದರಲ್ಲೊಂದು ಸಲ, ಒಂಬತ್ತೂವರೆ ಆಗಿದೆ, ಬನ್ನಿ ಅಮ್ಮಾ, ಗಿರಾಕಿಗೆ ಗೊತ್ತೇ ಆಗಲ್ಲ, ಮತ್ತೆ ಸಿದ್ದಮ್ಮ, ಎಂದೆ, ಅವರ ಕಾಗದ ಶನಿವಾರನೇ ಮೇಲೆ ಹೋಯ್ತು, ಅವರೇ ಸೈನ್ ಹಾಕಿದ್ದಾರೆ, ಈಗ ಅದನ್ನ ಬಿಚ್ಚಿದ್ರೆ ಎಲ್ಲಾ ಬಿಚ್ಚಬೇಕು, ಆಮೇಲೆ ನೋಡೋಣ. ಆಮೇಲೆ ಎಂದರೆ ಇಲ್ಲ ಎಂದು ಯಾರಿಗೆ ಗೊತ್ತಿಲ್ಲ, ಯಾರೋ ಕತ್ತರಿ ತಂದು ದಾರ ಕತ್ತರಿಸಿದರು, ಬೀಗದ ಕೈ ಅವನ ಕೈಗೆ ಬಂತು, ಸಿದ್ದಮ್ಮ ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೂತಳು, ವಾಪಸು ರೈಲು ಹನ್ನೊಂದಕ್ಕೆ. ತಪ್ಪು ಮಾಡಿದ ನಾನು ಸೂರಿನಡಿ, ಕುರ್ಚಿಯಲ್ಲಿ, ಅವಳು ಧೂಳಿನಲ್ಲಿ, ಏಕೆಂದರೆ ನನ್ನ ಕೈಗೆ ಕೆಲಸ ಗೊತ್ತು, ಅವಳ ಕೈಗೆ ಒರೆಸುವುದು ಮಾತ್ರ ಗೊತ್ತು, ಎಷ್ಟು ನಾಚಿಕೆಗೇಡು, ಆ ಕುರ್ಚಿ ಕುಂಡಿಗೆ ಸುಡುತ್ತಿದೆ.

ಹಳೆಯದನ್ನು ನಾಗರಾಜು ಮೇಜಿಗೆ ತಂದಿಟ್ಟ, ಚೀಲ ತೆಗೆದ, ಎಷ್ಟು ಚೆನ್ನಾಗಿ ಮುಚ್ಚಿದ್ದೇನೆ, ನೋಡಿದರೆ ಈಗಲೂ ಹೆಮ್ಮೆಯಾಗುತ್ತದೆ, ಥೂ ನನ್ನ ಹೆಮ್ಮೆಗೆ, ದಬ್ಬಳ ಕೈಗೆ ಕೊಟ್ಟ, ಒಂಬತ್ತೂಮುಕ್ಕಾಲು ಅಮ್ಮಾ, ದಬ್ಬಳ ಇಳಿಸಿದೆ, ಕೆಂಪು ಹೊಳಪಿನೊಳಗಿಂದ ಅದರದೇ ಬಿಂಬ, ಇನ್ನೊಂದು ದಬ್ಬಳ, ಮೇಲೆ ಬಂತು, ಇದು ಇಳಿದಷ್ಟೂ ಅದು ಏರುತ್ತದೆ, ಎರಡರ ತುದಿ ಕೂಡುವ ಜಾಗವೇ ಮೊದಲನೆಯ ಗೀರು, ಉದ್ದದ್ದು, ನನ್ನ ಮಣಿಕಟ್ಟಿಗೆ ಅದು ಬಾಯಿಪಾಠ, ಕಣ್ಣು ಮುಚ್ಚಿ ಬೇರೇನನ್ನೋ ಯೋಚಿಸುತ್ತ ಬೀಸಿದರೆ ಆಯಿತು, ಬೇರೆ ಏನನ್ನು ಯೋಚಿಸಲಿ, ಕಣ್ಣು ಮುಚ್ಚಿದರೆ ಕಪ್ಪು ದಾರದ ಗಂಟು ಕೀಳುವ ಉಗುರು, ತೆರೆದೆ, ಎರಡು ತುದಿ, ಕೂದಲೆಳೆ ಅಂತರ, ಇದೊಂದು ಕೆಲಸ ಇಲ್ಲಿ ಇನ್ನಾರಿಗೂ ಬರುವುದಿಲ್ಲ, ನಾಗರಾಜುವಿಗೆ ಬರುವುದಿಲ್ಲ, ಮೇಲಿನವರಿಗೆ ಬರುವುದಿಲ್ಲ, ಹಾಕಿಬಿಟ್ಟರೆ ಆಮೇಲೆ ನನ್ನ ಮಾತು ಯಾರೂ ಕೇಳುವುದಿಲ್ಲ, ಹಾಕುವ ತನಕ ಕೇಳಲೇಬೇಕು, ಇದು ಈಗ ಹೊಳೆಯಿತು, ಎಷ್ಟು ತಡವಾಗಿ ಎಲ್ಲ ಹೊಳೆಯುತ್ತದೆ ನನಗೆ. ಸಿದ್ದಮ್ಮನ್ನ ಕರೀರಿ ಸಾರ್. ಅಮ್ಮಾ, ಟೈಮಿಲ್ಲ. ಗೊತ್ತು, ಕರೀರಿ, ಆ ಬೀಗದ ಕೈ ಅವಳ ಕೈಗೆ ಕೊಡಿ, ಮೇಲೆ ಹೋದ ಕಾಗದ ತರಿಸಿ ಹರೀರಿ, ಆಮೇಲೆ ಕೈ ಇಳಿಸ್ತೀನಿ. ನಿಮ್ಮ ಕೆಲಸಾನೂ ಹೋಗುತ್ತೆ ಅಮ್ಮಾ, ಹೋಗ್ಲಿ ಎಂದೆ, ದಬ್ಬಳ ಹಿಡಿದ ಕೈ ಅಲ್ಲೇ ನಿಲ್ಲಿಸಿದ್ದೇನೆ, ಹೊರಗೆ ಕಾರಿನ ಸದ್ದು, ಗಿರಾಕಿ ಬಂದನೋ ಬೇರೆ ಯಾರೋ, ನಾಗರಾಜು ಕಿಟಕಿಗೆ ಓಡಿದ, ಗೇಟು ನೋಡಿದ, ನನ್ನನ್ನು ನೋಡಿದ, ಬಾಗಿಲಿಗೆ ಹೋದ, ನಿಂತ, ನಾನು ತಿರುಗಿ ನೋಡುವುದಿಲ್ಲ, ಮೇಲಿನ ದಬ್ಬಳ, ಕೆಳಗಿನ ದಬ್ಬಳ, ನಡುವೆ ಕೂದಲೆಳೆ, ಸಿದ್ದಮ್ಮ ಒಳಗೆ ಬರುವ ತನಕ ಮುಟ್ಟುವುದಿಲ್ಲ, ಮೇಲಿನ ತುದಿ, ಕೆಳಗಿನ ತುದಿ, ಮುಟ್ಟುವುದಿಲ್ಲ —